ಕೇಳಿಸದ ಐದು ಸೆಕೆಂಡು

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಾಯಮ್ಮನಿಗೆ ಇಂಜೆಕ್ಷನ್ ಚುಚ್ಚಿದರು. ಹತ್ತೂಕಾಲಿಗೆ ಮಾಯಮ್ಮ ಇರಲಿಲ್ಲ.

ಹುಣಸೂರಿನ ಒಂದು ಪುಟ್ಟ ನರ್ಸಿಂಗ್ ಹೋಮ್. ಹನ್ನೆರಡು ಹಾಸಿಗೆ. ನಾಲ್ಕನೆಯದರ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿತ್ತು. ವಯಸ್ಸು ನಲವತ್ತಾರು. ಬಂದದ್ದು ಕಾಲಿನ ಗಾಯಕ್ಕೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕುವಾಗ ಚುಚ್ಚಿಕೊಂಡದ್ದು ಕೀವಾಗಿತ್ತು. ಅಷ್ಟಕ್ಕೆ ಯಾರೂ ಸಾಯುವುದಿಲ್ಲ.

ಗಂಡ ಕೆಂಪಯ್ಯ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದ. ಗುರುಪುರದ ಕಡೆಯವನು. ಸಬ್ ಇನ್ಸ್‌ಪೆಕ್ಟರ್ ಶಾಂಭವಿ ಬಂದಾಗ ಅವನು ಏಳಲೂ ಇಲ್ಲ, ಅಳಲೂ ಇಲ್ಲ. ಒಂದೇ ಮಾತು ಹೇಳುತ್ತಿದ್ದ.

"ನಾ ಯೋಳಿದ್ನಲ್ಲ ಸಾ. ಡಾಕ್ಟ್ರಿಗೆ ಯೋಳಿದ್ನಲ್ಲ. ಹಿಂದ್ಕೆ ಕೋಟೆ ಆಸ್ಪತ್ರೇಲಿ ಪೆನ್ಸಿಲಿನ್ ಸೂಜಿ ಚುಚ್ಚಿ ಉಸ್ರು ಕಟ್ಟೋಗಿತ್ತು ಇವ್ಳಿಗೆ. ಆ ಸೂಜಿ ಬ್ಯಾಡ ಅಂತ ಯೋಳಿದ್ನಲ್ಲ."

'ಸಾ' ಎಂದು ಅವನು ಕರೆದದ್ದು ಶಾಂಭವಿಯ ಹಿಂದೆ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಮುದ್ದಯ್ಯನವರನ್ನು. ಠಾಣೆಯ ರೈಟರ್ ಅವರು. ವಯಸ್ಸು ಐವತ್ತೊಂಬತ್ತು, ನಿವೃತ್ತಿಗೆ ಏಳು ತಿಂಗಳು. ಕಳ್ಳರನ್ನು ಓಡಿಸಿಕೊಂಡು ಹೋಗಿ ಹಿಡಿದವರಲ್ಲ. ಮೂವತ್ತು ವರ್ಷ ಕೂತು ಬರೆದವರು, ಟೈಪ್ ಮಾಡಿದವರು.

"ಬರ್ಕೊಂಡಿದೀನಿ ಕಣಪ್ಪ," ಎಂದರು ಮುದ್ದಯ್ಯ.

ಆ ಪೆನ್ಸಿಲಿನ್ ಇಂಜೆಕ್ಷನ್ ಬರೆದುಕೊಟ್ಟವನು ಆ ದಿನದ ಬದಲಿ ಡಾಕ್ಟರ್. ಇನ್ನೂ ಮೀಸೆ ಬಲಿಯದ ಹುಡುಗ.

"ಟೆಸ್ಟ್ ಡೋಸ್ ಯಾಕೆ ಕೊಡ್ಲಿಲ್ಲ?" ಶಾಂಭವಿ ಕೇಳಿದರು.

"ಕೊಡಬೇಕಿತ್ತು, ಮೇಡಂ. ರಿಪೋರ್ಟ್ ನೋಡಿ ನಂಬಿದೆ."

ಅವನು ಟೈಪ್ ಮಾಡಿದ ಹಾಳೆ ಕೊಟ್ಟ. ಇಂಗ್ಲಿಷಿನಲ್ಲಿತ್ತು. ಮಧ್ಯದ ಎರಡು ವಾಕ್ಯ ಕನ್ನಡದಲ್ಲಿ ಹೇಳಿದರೆ ಇಷ್ಟು: 'ಯಾವ ಔಷಧಕ್ಕೂ ಅಲರ್ಜಿ ಇಲ್ಲ. ರೋಗಿಗೆ ಎಲ್ಲ ಔಷಧವೂ ಒಗ್ಗುತ್ತದೆ.'

*

ಮಾಯಮ್ಮನನ್ನು ಸೇರಿಸಿಕೊಂಡವರು ನರ್ಸಿಂಗ್ ಹೋಮಿನ ಯಜಮಾನರಾದ ಡಾ. ಸುನೀಲ್‌ಕುಮಾರ್. ಬುಧವಾರ ಮಧ್ಯಾಹ್ನ ನೋಡಿ, ಸಂಜೆ ಮೈಸೂರಿಗೆ ಹೋಗಿದ್ದರು. ಸುದ್ದಿ ಕೇಳಿ ಗುರುವಾರ ಮಧ್ಯಾಹ್ನ ಓಡೋಡಿ ಬಂದರು.

"ಗಂಡ ಹೇಳಿದ್ದು ನಿಜ. ನಾನು ಅದನ್ನ ಫೋನಿಗೆ ಹೇಳಿದೀನಿ, ಮೇಡಂ. ರೆಕಾರ್ಡ್ ಇದೆ, ಬೇಕಾದ್ರೆ ಕೇಳಿ."

ಈಗ ಡಾಕ್ಟರುಗಳು ಕೈಯಲ್ಲಿ ಬರೆಯುವುದಿಲ್ಲ. ಬರೆದರೆ ವಿಮೆಯವರು ಓದುವುದಿಲ್ಲ. ರೋಗಿಯನ್ನು ನೋಡಿ, ನಡೆಯುತ್ತಲೇ ಫೋನಿನಲ್ಲಿ ಗೊಣಗುತ್ತಾರೆ. ಆ ಧ್ವನಿ ಇನ್ನೆಲ್ಲಿಗೋ ಹೋಗುತ್ತದೆ. ಅಲ್ಲಿ ಯಾರೋ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡಿ ಕಳಿಸುತ್ತಾರೆ. ಇದಕ್ಕೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂದು ಹೆಸರು.

ಈ 'ಇನ್ನೆಲ್ಲೋ' ಇದ್ದದ್ದು ಅರ್ಧ ಕಿಲೋಮೀಟರ್ ದೂರದಲ್ಲಿ. ಗೊಬ್ಬರದ ಅಂಗಡಿಯ ಮಹಡಿ. ಮೆಟ್ಟಿಲ ಗೋಡೆಯ ಮೇಲೆ ಬಣ್ಣ ಮಾಸಿದ ಬೋರ್ಡು: 'ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಯಾವುದೇ ಡಿಗ್ರಿ ಸಾಕು. ಆರು ತಿಂಗಳ ತರಬೇತಿ, ಜೀವನಪೂರ್ತಿ ಭವಿಷ್ಯ.'

ಒಳಗೆ ಹದಿನಾಲ್ಕು ಕಂಪ್ಯೂಟರು, ಹದಿನಾಲ್ಕು ಹುಡುಗಿಯರು. ಬಿಳಿಕೆರೆ, ಭೇರ್ಯ, ಪಿರಿಯಾಪಟ್ಟಣದಿಂದ ಬಸ್ಸಿನಲ್ಲಿ ಬರುವವರು. ಪ್ರತಿ ಮೇಜಿನ ಕೆಳಗೂ ಒಂದು ಪೆಡಲ್. ಒತ್ತಿದರೆ ಡಾಕ್ಟರ್ ಮಾತಾಡುತ್ತಾರೆ, ಕಾಲು ಎತ್ತಿದರೆ ಸುಮ್ಮನಾಗುತ್ತಾರೆ. ಹೊಲಿಗೆ ಮೆಷಿನ್ನು ತುಳಿದ ಮನೆಯ ಹೆಣ್ಣುಮಕ್ಕಳು ಒಂದೇ ದಿನಕ್ಕೆ ಕಲಿಯುತ್ತಾರೆ ಎಂದು ಅಲ್ಲಿಯವರು ತಮಾಷೆ ಮಾಡುತ್ತಿದ್ದರು.

ಮಾಲೀಕ ಧರ್ಮೇಂದ್ರ ಕುರ್ಚಿ ಹಾಕಿಸಿದ. ಅವನ ಪಕ್ಕದಲ್ಲಿ ಹತ್ತಿ ಸೀರೆಯ ಹೆಂಗಸೊಬ್ಬರು ಕೈಕಟ್ಟಿ ನಿಂತಿದ್ದರು. ಲಕ್ಷ್ಮಿದೇವಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಇಲ್ಲಿಯ ಎಲ್ಲರಿಗೂ ಕಲಿಸಿದವರು ಅವರೇ. ಹುಡುಗಿಯರು ಟೈಪ್ ಮಾಡಿದ್ದನ್ನು ಒಮ್ಮೆ ನೋಡಿ ಆಸ್ಪತ್ರೆಗೆ ಕಳಿಸುವವರೂ ಅವರೇ.

"ಈ ರಿಪೋರ್ಟ್ ಟೈಪ್ ಮಾಡಿದ್ದು ಯಾರು?"

ಕಿಟಕಿಯ ಪಕ್ಕದ ಹುಡುಗಿ ಎದ್ದು ನಿಂತಳು. ತೆಳ್ಳಗೆ, ಇಪ್ಪತ್ತನಾಲ್ಕರ ವಯಸ್ಸು. ಬಿಳಿಕೆರೆಯ ಸೌಂದರ್ಯ. ಮನೆಯಲ್ಲಿ ಮೊದಲ ಡಿಗ್ರಿ ಅವಳದು.

ಧ್ವನಿ ಹಾಕಿಸಿ ಕೇಳಿದರು. ಡಾಕ್ಟರ್ ರಸ್ತೆ ಕಡೆಯ ಕಿಟಕಿಯಲ್ಲಿ ನಿಂತು ಮಾತಾಡಿದ್ದರು. 'ಔಷಧದ ಅಲರ್ಜಿ ವಿಚಾರಕ್ಕೆ ಬಂದರೆ' ಎಂದರು. ಅಷ್ಟರಲ್ಲಿ ಹೊಗೆಸೊಪ್ಪಿನ ಬೇಲು ಹೊತ್ತ ಲಾರಿ ಹಾರನ್ ಒತ್ತಿತು. ಹರಾಜು ಶುರುವಾದ ಕಾಲ, ದಿನವಿಡೀ ಲಾರಿಗಳು. ಹಾರನ್ ಐದು ಸೆಕೆಂಡು ಕೂಗಿತು. ನಿಂತಾಗ ಡಾಕ್ಟರ್ ರಕ್ತದೊತ್ತಡದ ಬಗ್ಗೆ ಹೇಳುತ್ತಿದ್ದರು.

ಶಾಂಭವಿ ನಾಲ್ಕು ಸಲ ಕೇಳಿದರು. ಒಂದಕ್ಷರವೂ ಸಿಗಲಿಲ್ಲ.

"ಕೇಳಿಸದೇ ಇದ್ರೆ ಏನು ಮಾಡ್ಬೇಕು ನೀವು?"

ಲಕ್ಷ್ಮಿದೇವಿ ಗೋಡೆ ತೋರಿಸಿದರು. ದಪ್ಪ ಅಕ್ಷರದಲ್ಲಿತ್ತು. 'ಕೇಳಿಸದಿದ್ದರೆ ಖಾಲಿ ಬಿಡಿ. ಊಹಿಸಬೇಡಿ.'

"ನಾನು ಖಾಲಿನೇ ಬಿಟ್ಟಿದ್ದೆ, ಮೇಡಂ," ಸೌಂದರ್ಯ ಹೇಳಿದಳು. "ಗೆರೆ ಎಳೆದು, ಪಕ್ಕದಲ್ಲಿ ಎಷ್ಟನೇ ಸೆಕೆಂಡು ಅಂತ ಹಾಕಿದ್ದೆ."

"ನಿಮ್ಮ ಹತ್ರ ಬಂದಾಗ ಖಾಲಿ ಇತ್ತಾ?"

ಲಕ್ಷ್ಮಿದೇವಿ ಹುಡುಗಿಯ ಮುಖ ನೋಡಿದರು. ಅವಳ ಕಣ್ಣು ತುಂಬಿತ್ತು. "ಕಳಿಸಿದ್ದು ಹೀಗೇ ಇದೆ, ಮೇಡಂ. ಅವಳಿನ್ನೂ ಚಿಕ್ಕವಳು. ಬಿಟ್ಟುಬಿಡಿ."

ಮಧ್ಯದ ಪ್ರತಿಗಳು ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ. ಕೊನೆಯದು ಮಾತ್ರ ಉಳಿಯುತ್ತದೆ. ಅದರಡಿ ಸೌಂದರ್ಯಳ ನಂಬರು ಇತ್ತು.

ಹೊರಡುವಾಗ ಮುದ್ದಯ್ಯ ಬಾಗಿಲ ಬಳಿಯ ನೋಟಿಸ್ ಓದಿದರು. ಮುಂದಿನ ತಿಂಗಳಿಂದ ಡಾಕ್ಟರ ಮಾತನ್ನು ಸಾಫ್ಟ್‌ವೇರೇ ಬರೆಯುತ್ತದೆ. ಅದು ಬರೆದದ್ದನ್ನು ತಿದ್ದಲು ನಾಲ್ಕು ಜನ ಸಾಕು. ಉಳಿದ ಹತ್ತು ಜನ ಬೇರೆ ದಾರಿ ನೋಡಿಕೊಳ್ಳಬೇಕು. ಯಾರ ರಿಪೋರ್ಟಿನಲ್ಲಿ ಖಾಲಿ ಜಾಗ ಕಡಿಮೆಯೋ ಅವರು ಉಳಿಯುತ್ತಾರೆ. ಕೆಳಗೆ ಹೆಸರುಗಳ ಪಟ್ಟಿ. ನಾಲ್ಕನೆಯ ಹೆಸರು ಸೌಂದರ್ಯ. ಐದನೆಯವಳಿಗೂ ಅವಳಿಗೂ ಇದ್ದ ಅಂತರ ಒಂದೇ ಒಂದು ಖಾಲಿ. ಸಮವಾದರೆ ಮೊದಲು ಸೇರಿದವರಿಗೆ ಜಾಗ, ಐದನೆಯವಳು ಅವಳಿಗಿಂತ ಹಳಬಳು.

"ನೋಡಿದ್ರಾ?" ಶಾಂಭವಿ ಮೆಟ್ಟಿಲಿಳಿಯುತ್ತಾ ಹೇಳಿದರು. "ಖಾಲಿ ಬಿಟ್ಟಿದ್ರೆ ಕೆಲಸ ಹೋಗ್ತಿತ್ತು. ತುಂಬಿಬಿಟ್ಟಳು."

ಮುದ್ದಯ್ಯ ರಿಪೋರ್ಟನ್ನು ಮಡಚದೆ ಫೈಲಿನೊಳಗೆ ಇಟ್ಟುಕೊಂಡರು.

*

ಶುಕ್ರವಾರ ಸೌಂದರ್ಯಳನ್ನು ಠಾಣೆಗೆ ಕರೆಸಿದರು. ಕೇಳಿದ್ದಕ್ಕೆಲ್ಲ ಒಂದೇ ಉತ್ತರ. "ಖಾಲಿ ಬಿಟ್ಟಿದ್ದೆ."

"ಹಾಗಾದ್ರೆ ತುಂಬಿದ್ದು ಯಾರು? ನಿಮ್ಮ ಮೇಡಮ್ಮೇ?"

"ಅಯ್ಯೋ, ಅವರಲ್ಲ. ಊಹಿಸಬೇಡಿ ಅಂತ ಹೇಳಿಕೊಟ್ಟೋರೇ ಅವರು. ನಮ್ಮ ಕಾಲೇಜಿಗೆ ಬಂದು, ಕಿವಿ ಚುರುಕಿದ್ರೆ ಸಾಕು ಬಾರಮ್ಮ ಅಂತ ಕರ್ಕೊಂಡು ಬಂದೋರು."

"ಧರ್ಮೇಂದ್ರನಾ?"

"ಗೊತ್ತಿಲ್ಲ, ಮೇಡಂ," ಎಂದಳು ಹುಡುಗಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಬಿಟ್ಟು ಬೇರೆ ಅಭ್ಯಾಸ ಅವಳಿಗಿರಲಿಲ್ಲ.

ಧರ್ಮೇಂದ್ರನ ಮೇಲೆ ಅನುಮಾನ ಪಡಲು ಕಾರಣವಿತ್ತು. ಖಾಲಿ ಇರುವ ರಿಪೋರ್ಟು ಬಂದರೆ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದು ಡಾ. ಸುನೀಲ್‌ಕುಮಾರ್ ಎರಡು ಸಲ ರೇಗಿದ್ದರು. ಲಕ್ಷ್ಮಿದೇವಿಯ ಕಂಪ್ಯೂಟರ್ ತೆರೆಯಲು ಅವನಿಗೂ ಬರುತ್ತಿತ್ತು. ಬುಧವಾರ ಮಧ್ಯಾಹ್ನ ಎಲ್ಲಿದ್ದೆ ಎಂದರೆ ಮೊದಲು ಪಿರಿಯಾಪಟ್ಟಣ ಎಂದ. ಆಮೇಲೆ ಆಫೀಸಿನಲ್ಲೇ ಇದ್ದೆ ಎಂದ.

"ಸುಳ್ಳು ಯಾಕೆ ಹೇಳಿದ್ರಿ?"

"ಭಯ ಆಯ್ತು, ಮೇಡಂ. ಆದ್ರೆ ನಾನು ಮುಟ್ಟಿಲ್ಲ. ನಂಗೆ ಟೈಪಿಂಗೇ ಬರಲ್ಲ."

ಮಧ್ಯಾಹ್ನ ಲಕ್ಷ್ಮಿದೇವಿ ಡಬ್ಬಿಯಲ್ಲಿ ಚಿತ್ರಾನ್ನ ತಂದರು. ಠಾಣೆಯ ಬೆಂಚಿನ ಮೇಲೆ ಕೂತು ಹುಡುಗಿಗೆ ತಿನ್ನಿಸಿದರು. ತಾವು ಒಂದು ಅಗುಳೂ ಮುಟ್ಟಲಿಲ್ಲ. ಠಾಣೆಯ ಬಾಗಿಲಲ್ಲಿ ಗುರುಪುರದ ಏಳೆಂಟು ಜನ ನಿಂತಿದ್ದರು. ಅವರ ನಡುವಿನಿಂದ ಕೆಂಪಯ್ಯ ಕೂಗಿದ.

"ನನ್ ಎಡ್ತೀನ ಕೊಂದ್ಬುಟ್ಟು ಅನ್ನ ಉಣ್ತಿದಿಯೇನವ್ವ? ಉಣ್ಣು, ಉಣ್ಣು."

ಸೌಂದರ್ಯಳ ಕೈಯಿಂದ ಡಬ್ಬಿ ಜಾರಿತು. ಲಕ್ಷ್ಮಿದೇವಿ ಬಗ್ಗಿ ಒಂದೊಂದೇ ಅಗುಳು ಆರಿಸಿ ತೆಗೆದರು.

"ಈ ಹುಡುಗಿಯನ್ನ ಇವತ್ತು ಮನೆಗೆ ಕಳಿಸಿ, ಸೋಮವಾರ ಕೋರ್ಟಿಗೆ ಹಾಜರು ಮಾಡೋಣ," ಎಂದರು ಶಾಂಭವಿ. "ಆ ರಿಪೋರ್ಟನ್ನ ಕನ್ನಡ ಮಾಡಿ ಫೈಲಿಗೆ ಸೇರಿಸಿ, ಮುದ್ದಯ್ಯ."

*

ಶನಿವಾರ ಮಧ್ಯಾಹ್ನ. ಠಾಣೆ ಖಾಲಿ. ಮುದ್ದಯ್ಯ ರಿಪೋರ್ಟಿನ ಮೇಲೆ ಸ್ಕೇಲ್ ಇಟ್ಟುಕೊಂಡು ಒಂದೊಂದೇ ಸಾಲು ಕನ್ನಡ ಮಾಡುತ್ತಿದ್ದರು.

ಹದಿನೇಳನೇ ಸಾಲಿಗೆ ಬಂದರು. 'ಯಾವ ಔಷಧಕ್ಕೂ ಅಲರ್ಜಿ ಇಲ್ಲ.' ಸ್ಕೇಲ್ ಅಲ್ಲೇ ನಿಂತಿತು.

ಮತ್ತೆ ಮೇಲಿನಿಂದ ನೋಡಿದರು. ಕನ್ನಡಕ ಒರೆಸಿ ನೋಡಿದರು. ಆಮೇಲೆ ತಾವು ಟೈಪ್ ಮಾಡಿದ ಹಳೆಯ ಮಹಜರೊಂದನ್ನು ತೆಗೆದು ಪಕ್ಕಕ್ಕಿಟ್ಟರು.

ಮುದ್ದಯ್ಯ ಟೈಪಿಂಗ್ ಕಲಿತದ್ದು ಕೆ.ಆರ್. ನಗರದಲ್ಲಿ, ಕಬ್ಬಿಣದ ಟೈಪ್‌ರೈಟರ್ ಮೇಲೆ. ಆ ಕಾಲಕ್ಕೆ ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸಾದರೆ ಜೀವನ ಗಟ್ಟಿ ಎನ್ನುತ್ತಿದ್ದರು. ಕಲಿತವರೆಲ್ಲ ನೋಡನೋಡುತ್ತಿದ್ದಂತೆ ಆ ಮೆಷಿನ್ನುಗಳು ಗುಜರಿಗೆ ಹೋದವು. ಮುದ್ದಯ್ಯ ಪೊಲೀಸಾಗಿ ಬಚಾವಾದರು. ಜೊತೆಗಿದ್ದವರಲ್ಲಿ ಎಷ್ಟೋ ಜನ ಏನಾದರೋ ಅವರಿಗೆ ಗೊತ್ತಿಲ್ಲ.

ಅವರು ಎದ್ದು ಶಾಂಭವಿಗೆ ಫೋನ್ ಮಾಡಿದರು.

"ಮೇಡಂ, ಕೋರ್ಟಿಗೆ ಹೋಗೋ ಮೊದ್ಲು ಒಂದ್ಸಲ ಆ ಟೈಪಿಂಗ್ ಆಫೀಸಿಗೆ ಹೋಗ್ಬೇಕು. ಅವ್ರೆಲ್ಲಾರ ಕೈಲೂ ನಾಕು ಸಾಲು ಟೈಪ್ ಮಾಡಿಸ್ಬೇಕು."

"ಯಾಕೆ?"

"ನೋಡಿದ್ಮೇಲೆ ಯೋಳ್ತೀನಿ ಬುಡಿ. ಈಗ್ಲೇ ಯೋಳುದ್ರೆ ನಾನೂ ಊಹೆ ಮಾಡ್ದಂಗಾಯ್ತದೆ."

*

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಹುಡುಗಿಯರು ಒಬ್ಬೊಬ್ಬರಾಗಿ ಟೈಪ್ ಮಾಡಿದರು. ಸೌಂದರ್ಯಳೂ ಮಾಡಿದಳು. ಮಾಲೀಕ ಧರ್ಮೇಂದ್ರ ಒಂದೇ ಬೆರಳಲ್ಲಿ ಕೋಳಿ ಕಾಳು ಕುಕ್ಕಿದಂತೆ ಕುಕ್ಕಿ, ನಾಲ್ಕು ಸಾಲಿಗೆ ಹತ್ತು ನಿಮಿಷ ತಗೊಂಡ.

ಕೊನೆಗೆ ಲಕ್ಷ್ಮಿದೇವಿ ಕೂತರು. ಬೆರಳು ನೀರು ಹರಿದಂತೆ ಓಡಿತು. ಪರದೆಯ ಕಡೆ ನೋಡಲೇ ಇಲ್ಲ.

ಮುದ್ದಯ್ಯ ಹದಿನಾರು ಹಾಳೆಗಳನ್ನೂ ಮೇಜಿನ ಮೇಲೆ ಹರಡಿದರು. ಒಂದನ್ನು ಮಾತ್ರ ಎತ್ತಿ ಮಾಯಮ್ಮನ ರಿಪೋರ್ಟಿನ ಪಕ್ಕ ಇಟ್ಟರು.

"ಮೇಡಂ, ಇಲ್ಲಿ ನೋಡಿ. ಈ ರಿಪೋರ್ಟಲ್ಲಿ ಮೂವತ್ತೊಂದು ಕಡೆ ಫುಲ್‌ಸ್ಟಾಪ್ ಅದೆ. ಅದಾದ್ಮೇಲೆ ಎಷ್ಟು ಜಾಗ ಬಿಟ್ಟವ್ರೆ? ಒಂದು ಅಕ್ಷರದಷ್ಟು. ಕಂಪ್ಯೂಟರಲ್ಲೇ ಕಲ್ತೋರೆಲ್ಲ ಅಂಗೇ ಮಾಡೋದು. ಆದ್ರೆ 'ಅಲರ್ಜಿ ಇಲ್ಲ' ಅನ್ನೋದಾದ್ಮೇಲೆ, ಈ ಒಂದ್ ಕಡೆ ಮಾತ್ರ, ಎರಡು ಅಕ್ಷರದಷ್ಟು ಜಾಗ."

ಶಾಂಭವಿ ಬಗ್ಗಿ ನೋಡಿದರು. "ಅದರಿಂದ ಏನಾಯ್ತು? ಕೈತಪ್ಪಿರಬಹುದು."

"ನನ್ ಮಹಜರು ಯಾಕೆ ಅಗಲ ಅಗಲ ಅಂತ ನೀವೇ ನಗಾಡ್ತಿರಲ್ವಾ? ಟೈಪ್‌ರೈಟರಲ್ಲಿ ಕಲ್ತೋರು ಫುಲ್‌ಸ್ಟಾಪ್ ಆದ್ಮೇಲೆ ಹೆಬ್ಬೆಟ್ಟು ಎರಡ್ಸಲ ಒತ್ತಲೇಬೇಕಿತ್ತು. ಒತ್ತದೇ ಇದ್ರೆ ಮೇಷ್ಟ್ರು ಗೆಣ್ಣಿಗೆ ಹೊಡಿಯೋರು. ಹೆಬ್ಬೆಟ್ಟಿಗೆ ಒಂದ್ಸಲ ಬಂದದ್ದು ಹೋಗಲ್ಲ. ಈ ಹುಡ್ಗೀರು ಟೈಪಿಂಗ್ ಕಲಿಯೋ ಹೊತ್ಗೆ ಆ ಮೆಷಿನ್ನೇ ಇರ್ನಿಲ್ಲ. ಧರ್ಮೇಂದ್ರಂಗೆ ಟೈಪಿಂಗ್ ಗೊತ್ತಿಲ್ಲ. ಡಾಕ್ಟ್ರಿಗೂ ನರ್ಸಿಗೂ ಈ ಹಾಳೆ ಪ್ರಿಂಟಾಗೇ ಹೋಗಿದ್ದು. ಹದಿನಾರು ಹಾಳೆಯಲ್ಲಿ ಎಲ್ಲಾ ಕಡೆ ಎರಡು ಜಾಗ ಇರೋದು ಇದೊಂದೇ."

ಅವರು ತಲೆ ಎತ್ತಲಿಲ್ಲ. ಕೇಳುವಾಗ ಸ್ವರ ಸಣ್ಣದಾಯಿತು.

"ನೀವು ಟೈಪಿಂಗ್ ಎಲ್ಲಿ ಕಲ್ತಿದ್ದಮ್ಮ?"

"ಇಲ್ಲೇ, ಸರ್. ಹುಣಸೂರಲ್ಲಿ," ಎಂದರು ಲಕ್ಷ್ಮಿದೇವಿ. "ಟೈಪ್‌ರೈಟರಲ್ಲಿ."

ಸೌಂದರ್ಯ ತಲೆ ಅಲ್ಲಾಡಿಸುತ್ತಿದ್ದಳು, ಅಲ್ಲ ಅಲ್ಲ ಎಂಬಂತೆ.

"ಅವಳು ಖಾಲಿ ಬಿಟ್ಟೇ ಕಳಿಸಿದ್ಲು," ಲಕ್ಷ್ಮಿದೇವಿ ಮುಂದುವರಿಸಿದರು. "ಅದೊಂದು ಖಾಲಿ ಲೆಕ್ಕಕ್ಕೆ ಬಂದ್ರೆ ಅವಳು ಐದನೆಯವಳಾಗ್ತಿದ್ಲು. ನಾನೇ ಕಾಲೇಜಿಗೆ ಹೋಗಿ, ಇದರಲ್ಲಿ ಭವಿಷ್ಯ ಇದೆ ಅಂತ ಹೇಳಿ ಕರ್ಕೊಂಡು ಬಂದಿದ್ದೆ. ಮೂರೇ ವರ್ಷಕ್ಕೆ ಮನೆಗೆ ಹೋಗಮ್ಮ ಅಂತ ಹೇಗೆ ಹೇಳೋದು?"

"ಡಾಕ್ಟ್ರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ?" ಶಾಂಭವಿ ಕೇಳಿದರು.

"ಕೇಳಿದ್ರೂ ಖಾಲಿ ಅಂತಲೇ ಎಣಿಸ್ತಾರೆ. ಇಪ್ಪತ್ತೆರಡು ವರ್ಷ ಕೇಳಿದೀನಿ, ಮೇಡಂ. ಆ ಜಾಗದಲ್ಲಿ ನೂರಕ್ಕೆ ತೊಂಬತ್ತೈದು ಡಾಕ್ಟ್ರು ಇಲ್ಲ ಅಂತಲೇ ಹೇಳೋದು. ಆ ಎರಡು ವಾಕ್ಯ ನನ್ನ ಕೈಗೆ ಬಾಯಿಪಾಠ. ಒಂದ್ಸಲನೂ ಹೀಗೆ ಮಾಡಿರಲಿಲ್ಲ. ಈ ಸಲ ಒಂದೇ ಒಂದ್ಸಲ ಮಾಡಿದೆ."

"ಮಾಯಮ್ಮ ಸತ್ತು ಇವತ್ತಿಗೆ ಐದು ದಿನ. ಈ ಹುಡುಗಿ ನಿಮ್ಮ ಕಣ್ಣೆದುರಿಗೇ ಬೈಸ್ಕೊಂಡ್ಲು."

ಲಕ್ಷ್ಮಿದೇವಿ ತಮ್ಮ ಹಾಳೆಯನ್ನು ಮಗುಚಿಟ್ಟರು.

"ದಿನಾ ಬೆಳಿಗ್ಗೆ ಇವತ್ತು ಹೇಳ್ತೀನಿ ಅಂತ ಮನೆಯಿಂದ ಹೊರಡ್ತಿದ್ದೆ. ಹೆದರಿಕೆ, ಮೇಡಂ. ಬೇರೆ ಯಾವ ಹೆಸರಿಟ್ಟೂ ಹೇಳೋಕೆ ಬರಲ್ಲ."

ಸೌಂದರ್ಯ ಹತ್ತಿರ ಬಂದಳು. ಕೋಪ ಮಾಡುತ್ತಾಳೆ ಎಂದುಕೊಂಡರು ಎಲ್ಲರೂ. ಅವಳು ಅತ್ತುಬಿಟ್ಟಳು.

"ಆಚೆ ಹಾಕಿದ್ರೆ ಹೋಗ್ತಿದ್ದೆ, ಮೇಡಂ. ಬಟ್ಟೆ ಅಂಗಡಿಗೆ ಸೇರ್ಕೋತಿದ್ದೆ. ಖಾಲಿ ಹಾಗೇ ಇರ್ಲಿ ಅಂತ ಬಿಡಬಾರದಿತ್ತಾ?"

ಲಕ್ಷ್ಮಿದೇವಿ ಅವಳ ತಲೆ ಸವರಲು ಕೈ ಎತ್ತಿದರು. ಮುಟ್ಟಲಿಲ್ಲ. ಎದ್ದು, ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ, ಶಾಂಭವಿಯ ಹಿಂದೆ ಮೆಟ್ಟಿಲಿಳಿದರು. ಮುದ್ದಯ್ಯ ಕೊನೆಗೆ ಇಳಿದರು. ಗೆದ್ದೆ ಎಂಬ ಖುಷಿ ಅವರಿಗೆ ಇರಲಿಲ್ಲ. ಆ ದಿನ ಮಧ್ಯಾಹ್ನ ಊಟವನ್ನೂ ಮಾಡಲಿಲ್ಲ.

*

ಹನ್ನೊಂದನೇ ದಿನ, ಭಾನುವಾರ, ಮಾಯಮ್ಮನ ತಿಥಿ. ಸೌಂದರ್ಯ ಹೋಗಬೇಕೆಂದಳು. ಒಬ್ಬಳೇ ಬೇಡ ಎಂದು ಮುದ್ದಯ್ಯ ಜೊತೆಗೆ ಬಂದರು.

ಬಸ್ಸಿನಲ್ಲಿ ಅವಳು ವಿಷಯ ಹೇಳಿದಳು. ಧರ್ಮೇಂದ್ರ ಫೋನ್ ಮಾಡಿದ್ದಾನೆ. ಲಕ್ಷ್ಮಿದೇವಿಯ ಜಾಗಕ್ಕೆ ಬಾ ಎಂದಿದ್ದಾನೆ. ಸಾಫ್ಟ್‌ವೇರ್ ಬರೆದದ್ದನ್ನೆಲ್ಲ ಕೊನೆಗೆ ನೋಡಿ ಕಳಿಸುವ ಕೆಲಸ.

"ಏನ್ ಯೋಳ್ದೆ ಮಗಾ?"

"ಇನ್ನೂ ಏನೂ ಹೇಳಿಲ್ಲ. ಆ ಕುರ್ಚಿ ಮೇಲೆ ಹೇಗೆ ಕೂರೋದು, ಸಾರ್? ಬೇಡ ಅಂತಲೇ ಅನ್ನಿಸುತ್ತೆ."

ಶಾಮಿಯಾನದ ಕೆಳಗೆ ಊಟ ನಡೆಯುತ್ತಿತ್ತು. ಅವಳನ್ನು ಕಂಡು ಕೆಲವರು ಗುಸುಗುಸು ಶುರುಮಾಡಿದರು. ಕೆಂಪಯ್ಯ ತಲೆ ಬೋಳಿಸಿಕೊಂಡಿದ್ದ. ಕೈಸನ್ನೆ ಮಾಡಿ ಎಲ್ಲರನ್ನೂ ಸುಮ್ಮನಿರಿಸಿ, ಅವಳನ್ನು ಜಗಲಿಗೆ ಕರೆದ. ಮುದ್ದಯ್ಯ ನಡೆದದ್ದನ್ನೆಲ್ಲ ಹೇಳಿದರು. ಅವನು ನೆಲ ನೋಡುತ್ತಾ ಕೇಳಿದ.

"ಆ ಬರೆದ್ರಲ್ಲ ಆವಮ್ಮ, ನಮ್ಮವ್ಳ ಮೊಕ ನೋಡಿದ್ರಾ?"

"ಇಲ್ಲ ಕಣಪ್ಪ."

"ನೀನವ್ವ?"

"ನಾನೂ ನೋಡಿಲ್ಲ. ಹೆಸರು, ವಯಸ್ಸು ಮಾತ್ರ ಟೈಪ್ ಮಾಡಿದ್ದು. ನಾವು ಯಾರ ಮುಖನೂ ನೋಡಲ್ಲ."

ಕೆಂಪಯ್ಯ ಒಳಗೆ ಹೋದ. ಗೋಡೆಗೆ ಒರಗಿಸಿದ್ದ ಫೋಟೋ ಎತ್ತಿಕೊಂಡು ಬಂದ. ಅದಕ್ಕೆ ಹಾಕಿದ್ದ ಹೂವನ್ನು ತೆಗೆದು ಪಕ್ಕಕ್ಕಿಟ್ಟು, ಮುಖ ಪೂರ್ತಿ ಕಾಣುವ ಹಾಗೆ ಅವಳ ಮಡಿಲಲ್ಲಿ ಇಟ್ಟ. ದುಂಡು ಮುಖ, ದೊಡ್ಡ ಕುಂಕುಮ. ಫೋಟೋದವನು ನಗಬೇಡಿ ಎಂದಿರಬೇಕು. ಆದರೂ ತುಟಿಯ ಒಂದು ಕೊನೆಯಲ್ಲಿ ನಗು ಉಳಿದಿತ್ತು.

ಸೌಂದರ್ಯ ಬಹಳ ಹೊತ್ತು ನೋಡಿದಳು. ಕಣ್ಣೀರು ಗಾಜಿನ ಮೇಲೆ ಬಿತ್ತು. ಸೆರಗಿನಲ್ಲಿ ಒರೆಸಿದಳು.

"ಆವತ್ತು ಟೇಸನ್ ತಾವ ಕೆಟ್ ಮಾತಾಡ್ಬುಟ್ಟೆ," ಕೆಂಪಯ್ಯ ಹೇಳಿದ. "ಮನ್ಸಲ್ಲಿ ಮಡಿಕ್ಕೋಬ್ಯಾಡ."

"ನಾನು ಆ ಕೆಲಸ ಬಿಟ್ಟುಬಿಡ್ತೀನಿ, ಅಣ್ಣ."

"ಬುಡಬ್ಯಾಡ ಕಣವ್ವ." ಅವನು ಫೋಟೋ ವಾಪಸ್ ತೆಗೆದುಕೊಂಡು ಎದೆಗೆ ಒತ್ತಿಕೊಂಡ. "ಬುಟ್ರೆ ಅಲ್ಲಿಗೆ ಇನ್ಯಾರೋ ಬತ್ತಾರೆ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನೋರು ಒಬ್ರಾದ್ರೂ ಅಲ್ಲಿ ಇರ್ಲಿ. ನಮ್ಮಂತೋರು ನಾಳೆನೂ ಆಸ್ಪತ್ರೆಗೆ ಬತ್ತಾನೇ ಇರ್ತೀವಿ."

ಅವನು ಅವಳನ್ನು ಊಟಕ್ಕೆ ಎಬ್ಬಿಸಿದ. ಎಲೆಯ ಮುಂದೆ ತಾನೇ ಕೂರಿಸಿ, ಬಡಿಸುವವರನ್ನು ಕರೆದು, ಅನ್ನ ಹಾಕಿಸಿದ. ಅವಳು ಉಂಡು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದ.

ಸೋಮವಾರ ಬೆಳಿಗ್ಗೆ ಸೌಂದರ್ಯ ಬಿಳಿಕೆರೆಯಲ್ಲಿ ಎಂಟೂಕಾಲಿನ ಬಸ್ಸು ಹತ್ತಿ ಹುಣಸೂರಿಗೆ ಕೆಲಸಕ್ಕೆ ಹೋದಳು.